ಹ್ಯಾಲೋವೀನ್ ಹೊತ್ತಿಗೆ ಪ್ಲಾಸ್ಟಿಕ್ ಕಸ ಕಡಿಮೆ ಮಾಡೋದು ಹೇಗೆ? ಮಕ್ಕಳ ಖುಷಿಗೆ ಕಲ್ಲು ಹಾಕದ ಹಾಗೆ

ತುಂಗಾತೀರ, ನ್ಯೂಜೆರ್ಸಿ
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮುಗಿಯೋ ಮೊದಲೇ ಇಲ್ಲಿನ ಅಂಗಡಿಗಳಲ್ಲಿ ಅಸ್ಥಿಪಂಜರ, ಮಾಟಗಾತಿ ಟೋಪಿ, ಮೂಟೆಗಟ್ಟಲೆ ಕ್ಯಾಂಡಿ ಬಂದು ಕೂತಿವೆ. ಮಗಳು ಎರಡನೇ ಕ್ಲಾಸು, ಮಗ ಇನ್ನೂ ಪ್ರೀಸ್ಕೂಲು. ಇಬ್ಬರಿಗೂ ಹ್ಯಾಲೋವೀನ್ ಅಂದ್ರೆ ಪ್ರಾಣ. ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕ್ಕೊಂಡು ‘ಟ್ರಿಕ್ ಆರ್ ಟ್ರೀಟ್’ ಅಂತ ಮನೆಮನೆಗೆ ಹೋಗಿ ಕ್ಯಾಂಡಿ ಕೇಳೋ ಹಬ್ಬ ಇದು. ನನಗೂ ಇಷ್ಟವೇ. ವರ್ಷವಿಡೀ ಮುಚ್ಚಿರೋ ಬಾಗಿಲುಗಳು ಆ ಒಂದು ಸಂಜೆ ತೆರೆದಿರುತ್ತವೆ, ಮುಖ ನೋಡಿರದ ಅಕ್ಕಪಕ್ಕದವರೆಲ್ಲ ಮಾತಾಡಿಸ್ತಾರೆ. ಆದ್ರೆ ನವೆಂಬರ್ 1ರ ಬೆಳಿಗ್ಗೆ ಕಸದ ಡಬ್ಬ ನೋಡಿದ್ರೆ ಸಂಕಟ. ಕ್ಯಾಂಡಿ ಕವರ್, ಮುರಿದ ಕೋರೆಹಲ್ಲು, ಹೊಳೆದು ಆರಿದ ಗ್ಲೋಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಜೇಡ.

ಎರಡು ಪ್ರಶ್ನೆ. ಕ್ಯಾಂಡಿ ಕವರ್ ರೀಸೈಕಲ್ ಮಾಡೋಕೆ ದಾರಿ ಇದೆಯಾ? ಬಾಗಿಲಿಗೆ ಬರೋ ಮಕ್ಕಳಿಗೆ ಪ್ಲಾಸ್ಟಿಕ್ ಇಲ್ಲದ ಏನನ್ನ ಕೊಡಬಹುದು? ಕೊಬ್ಬರಿ ಮಿಠಾಯಿ ಮಾಡಿ ಕಾಗದದಲ್ಲಿ ಪೊಟ್ಟಣ ಕಟ್ಟೋಣ ಅಂತ ನನ್ನ ಆಸೆ. ಮನೆಯವರು ‘ಯಾರೂ ತಿನ್ನಲ್ಲ, ಬಿಸಾಕ್ತಾರೆ’ ಅಂತಾರೆ.

ರೊಟ್ಟಿಬುತ್ತಿ, ನೇಪರ್‌ವಿಲ್
ನಿಮ್ಮ ಯಜಮಾನ್ರು ಹೇಳೋದು ಖರೆ ಅದ ಅಕ್ಕಾರ. ಗುರುತಿಲ್ಲದ ಮನಿಯಿಂದ ಬಂದ ಬಿಡಿ ತಿನಿಸು ಇಲ್ಲೆ ಯಾವ ತಾಯಿನೂ ಮಕ್ಕಳಿಗೆ ಕೊಡಂಗಿಲ್ಲ. ಕೊಬ್ಬರಿ ಮಿಠಾಯಿ ಗೆಳತಿಯರ ಮನಿಗೆ ಕೊಡ್ರಿ, ಬಾಗಲಕ್ಕ ಬರೋ ಹುಡುಗರಿಗೆ ಬ್ಯಾಡ.

ಮಳೆಬಿಲ್ಲು, ರೆಡಿಂಗ್
ಕವರ್ ಬಗ್ಗೆ ಹೇಳ್ತೀನಿ. ಅದು ಬರೀ ಪ್ಲಾಸ್ಟಿಕ್ ಅಲ್ಲ, ಪದರ ಪದರ. ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತೆಳು ಅಲ್ಯೂಮಿನಿಯಂ ಲೇಪ, ಮೇಲೆ ಶಾಯಿ. ಬೇರ್ಪಡಿಸೋಕೆ ಆಗಲ್ಲ. ಸಾಲದ್ದಕ್ಕೆ ಸಣ್ಣ ಸಣ್ಣ ತುಂಡು, ವಿಂಗಡಿಸೋ ಯಂತ್ರದ ಸಂದಿಯಲ್ಲಿ ಜಾರಿ ಹೋಗುತ್ತೆ. ಮನೆ ಮುಂದಿನ ರೀಸೈಕಲ್ ಡಬ್ಬಕ್ಕೆ ಹಾಕಿದ್ರೆ ಉಳಿದ ಒಳ್ಳೇ ವಸ್ತುನೂ ಕೆಡಿಸುತ್ತೆ. ಅಮೆರಿಕದಲ್ಲಿ ಟೆರಾಸೈಕಲ್ ಅನ್ನೋ ರೀಸೈಕಲ್ ಕಂಪನಿಯವರು ದುಡ್ಡು ತಗೊಂಡು ಪೆಟ್ಟಿಗೆ ಕಳಿಸ್ತಾರೆ, ಕವರ್ ತುಂಬಿ ಅವರಿಗೇ ವಾಪಸ್ ಕಳಿಸೋದು. ರುಬಿಕಾನ್ ಅನ್ನೋ ಕಂಪನಿ 2019ರಿಂದ ಶಾಲೆಗಳ ಮೂಲಕ ‘ಟ್ರಿಕ್ ಆರ್ ಟ್ರ್ಯಾಶ್’ ಅಂತ ಕವರ್ ಸಂಗ್ರಹ ನಡೆಸಿತ್ತು. ನಿಮ್ಮ ಮಗಳ ಶಾಲೇಲಿ ಅಂಥದ್ದೇನಾದ್ರೂ ಇದೆಯಾ ಕೇಳಿ ನೋಡಿ.

ಆದ್ರೆ ನೀವು ಕವರ್ ಹಿಂದೆ ಬಿದ್ದು ದೊಡ್ಡದನ್ನ ಬಿಡ್ತಿದ್ದೀರ ಅನ್ನಿಸುತ್ತೆ. ದೊಡ್ಡದು ಬಟ್ಟೆ. 2019ರಲ್ಲಿ ಇಲ್ಲಿ ಬ್ರಿಟನ್ನಿನಲ್ಲಿ ಫೇರಿಲ್ಯಾಂಡ್ ಟ್ರಸ್ಟ್ ಮತ್ತು ಹಬ್ಬಬ್ ಅನ್ನೋ ಎರಡು ಪರಿಸರ ಸಂಸ್ಥೆಗಳು ಸೇರಿ 19 ಮಾರಾಟಗಾರರ ಹ್ಯಾಲೋವೀನ್ ಉಡುಪುಗಳ ಲೇಬಲ್ ಓದಿ ಲೆಕ್ಕ ಹಾಕಿದ್ರು. ಅದರಲ್ಲಿದ್ದ ವಸ್ತುವಿನ 83% ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್, ಹೆಚ್ಚಿನದು ಪಾಲಿಯೆಸ್ಟರ್. ಆ ಒಂದು ಹಬ್ಬದ ಬಟ್ಟೆಯಿಂದಲೇ ಈ ದೇಶದಲ್ಲಿ ಸುಮಾರು 2000 ಟನ್ ಪ್ಲಾಸ್ಟಿಕ್ ಕಸ ಅಂತ ಅವರ ಅಂದಾಜು. ಬಟ್ಟೆ ಅಂದ್ರೆ ನಮಗೆ ಪ್ಲಾಸ್ಟಿಕ್ ನೆನಪಾಗೋದೇ ಇಲ್ಲ, ಅದೇ ತೊಂದರೆ.

ತುಂಗಾತೀರ, ನ್ಯೂಜೆರ್ಸಿ
83%? ಮಗಳು ಆಗಲೇ ಅಂಗಡಿಯಲ್ಲಿ ಬಾವಲಿ ಡ್ರೆಸ್ ನೋಡಿಟ್ಟಿದ್ದಾಳೆ.

ಮಳೆಬಿಲ್ಲು, ರೆಡಿಂಗ್
ಕೊಳ್ಳೋ ಮುಂಚೆ ಆ ಡ್ರೆಸ್ಸನ್ನ ಕೈಯಲ್ಲಿ ಹಿಡಿದು ನೋಡಿ. ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣೋಷ್ಟು ತೆಳು. ಹೊಲಿಗೆ ಅಂಚು ಮಡಚಿರಲ್ಲ, ಕತ್ತರಿಸಿ ಹಾಗೇ ಬಿಟ್ಟಿರ್ತಾರೆ. ಬೆನ್ನ ಹಿಂದೆ ಒಂದೇ ಒಂದು ವೆಲ್ಕ್ರೋ, ಅದೂ ಅಂಟಿಸಿದ್ದು. ‘ಬೆಂಕಿಯಿಂದ ದೂರ ಇಡಿ’ ಅಂತ ಚೀಟಿ. ಇಲ್ಲಿ ಇಂಥ ವೇಷಗಳು ಆಟಿಕೆ ಲೆಕ್ಕಕ್ಕೆ ಬರ್ತವೆ, ಮಕ್ಕಳ ರಾತ್ರಿ ಉಡುಪಿಗೆ ಇರೋ ನಿಯಮ ಇವಕ್ಕಿಲ್ಲ. ಕುಂಬಳಕಾಯಿಯೊಳಗೆ ದೀಪ ಉರೀತಿರೋ ರಾತ್ರಿ ಮಗುವಿಗೆ ಅಂಥದ್ದನ್ನ ಹಾಕೋಕೆ ನನಗೆ ಧೈರ್ಯ ಇಲ್ಲ.

ಕಡಲಮಗ, ಫ್ರೀಮಾಂಟ್
ಬಾವಲಿ ಮಾಡ್ಲಿಕ್ಕೆ ಅಂಗಡಿ ಯಾಕೆ? ಹಾಳಾದ ಕಪ್ಪು ಕೊಡೆ ಉಂಟಲ್ಲ, ಅದರ ಬಟ್ಟೆ ಬಿಚ್ಚಿ ಅರ್ಧ ಮಾಡಿ ಕಪ್ಪು ಟೀಶರ್ಟಿನ ಎರಡು ತೋಳಿಗೆ ಹೊಲಿದರೆ ರೆಕ್ಕೆ. ಕೊಡೆಯ ಅಂಚಿನ ಕಮಾನು ಇರ್ತದಲ್ಲ, ಅದೇ ಬಾವಲಿ ರೆಕ್ಕೆಯ ಆಕಾರ. ಕಡ್ಡಿ ಎಲ್ಲ ಮೊದಲೇ ತೆಗೆಯಿರಿ, ಕಣ್ಣಿಗೆ ಚುಚ್ಚೀತು.

ರೊಟ್ಟಿಬುತ್ತಿ, ನೇಪರ್‌ವಿಲ್
ಕೊಡಿ ಬಟ್ಟಿನೂ ನೈಲಾನ್ ಅಲ್ಲೇನ್ರಿ?

ಕಡಲಮಗ, ಫ್ರೀಮಾಂಟ್
ಹೌದು ಮಾರಾಯ್ರೆ, ಆದ್ರೆ ಅದು ಮನೆಯಲ್ಲಿ ಇದ್ದದ್ದು. ಹೊಸತು ತರ್ಲಿಲ್ಲವಲ್ಲ. ಇದ್ದ ಪ್ಲಾಸ್ಟಿಕ್ಕನ್ನು ಹತ್ತು ಸಲ ಬಳಸುದು ಬೇರೆ, ಹೊಸತನ್ನು ಒಂದು ಸಲ ಬಳಸಿ ಬಿಸಾಡುದು ಬೇರೆ. ನಮ್ಮ ಮನೆಗೆ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಮಗನಿಗೆ ಯಕ್ಷಗಾನದ ಕಿರೀಟ ಮಾಡಿಕೊಟ್ಟೆ. ಚಿನ್ನದ ಬಣ್ಣಕ್ಕೆ ಮಿಠಾಯಿ ಡಬ್ಬಿಯ ಕಾಗದ. ಬೀದಿಯವರೆಲ್ಲ ನಿಲ್ಲಿಸಿ ಕೇಳಿದ್ರು.

ನನ್ನ ತಮ್ಮನ ಮಗಳಿಗೆ ಹುಲಿ. ಹಳದಿ ಟೀಶರ್ಟು, ಅದರ ಮೇಲೆ ಕಪ್ಪು ಬಟ್ಟೆಬಣ್ಣದಲ್ಲಿ ಪಟ್ಟೆ, ಮೂಗಿಗೆ ಕಾಡಿಗೆ. ನವರಾತ್ರಿಗೆ ಮಂಗಳೂರಲ್ಲಿ ಹುಲಿಗಳು ಮನೆಮನೆಗೆ ಬಂದು ಕುಣಿಯುದು ನೋಡಿ ಬೆಳೆದವನಿಗೆ ಹ್ಯಾಲೋವೀನ್ ಅಂದ್ರೆ ಹೊಸದೇನೂ ಅನ್ನಿಸುದಿಲ್ಲ.

ಹಸಿರುಡಬ್ಬ, ಸರ್ಜಾಪುರ ರಸ್ತೆ
ಕಡಲಮಗ ಅವರೇ, ಹುಲಿ ಚೆನ್ನಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಬ್ಬರು ಮಗನಿಗೆ ಭೂತಕೋಲದ ದೈವದ ವೇಷ ಹಾಕ್ತೀನಿ, ತೆಂಗಿನ ಗರಿ ಸಿಗುತ್ತೆ, ಪ್ಲಾಸ್ಟಿಕ್ಕೇ ಬೇಡ ಅಂತಿದ್ದಾರೆ. ಏನಂತೀರ?

ಕಡಲಮಗ, ಫ್ರೀಮಾಂಟ್
ದಯವಿಟ್ಟು ಬೇಡ ಅಂತ ಹೇಳಿ. ದೈವ ನಮ್ಮಲ್ಲಿ ಹೆದರಿಸ್ಲಿಕ್ಕೆ ಇರುವ ಪಿಶಾಚಿ ಅಲ್ಲ, ಕುಟುಂಬದ ನಂಬಿಕೆ. ಕೋಲ ಕಟ್ಟುವವರು ವ್ರತ ಹಿಡಿದು, ಅನುಮತಿ ಪಡೆದು ಗಗ್ಗರ ಕಟ್ಟುದು. ಅದನ್ನು ಪಾರ್ಟಿಯ ಡ್ರೆಸ್ ಮಾಡಿದ್ರೆ ಊರವರಿಗೆ ನೋವಾಗ್ತದೆ. ತೆಂಗಿನ ಗರಿಯಲ್ಲಿ ಹಾವು, ಗಿಣಿ, ಬುಗುರಿ ಬೇಕಾದಷ್ಟು ಮಾಡಬಹುದು.

ಹಸಿರುಡಬ್ಬ, ಸರ್ಜಾಪುರ ರಸ್ತೆ
ಸರಿ, ಹೇಳ್ತೀನಿ. ಅವರಿಗೆ ಬಹುಶಃ ಗೊತ್ತಿಲ್ಲ.

ಅರಳೀಕಟ್ಟೆ, ಮೈಸೂರು
ಇಷ್ಟೆಲ್ಲ ತಲೆಕೆಡಿಸಿಕೊಳ್ಳೋ ಬದಲು ಆ ಹಬ್ಬವನ್ನೇ ಬಿಟ್ಟರೆ ಪ್ಲಾಸ್ಟಿಕ್ ಕಸವೇ ಇರಲ್ಲ. ನಮಗೆ ಮಹಾಲಯ ಅಮಾವಾಸ್ಯೆ ಇದೆ, ಹಿರಿಯರಿಗೆ ಎಡೆ ಇಡ್ತೀವಿ. ಸತ್ತವರನ್ನ ನೆನೆಯೋಕೆ ರಬ್ಬರ್ ಮುಖವಾಡ ಬೇಕಾಗಿಲ್ಲ. ಬೆಂಗಳೂರಿನ ಮಕ್ಕಳಿಗೆ ಇದನ್ನ ಹಚ್ಚಿಸಿದ್ದೇ ಮಾಲ್‌ಗಳು.

ಡಬ್ಲಿನ್‌ಗೌಡ, ಡಬ್ಲಿನ್
ಅಣ್ಣ, ಬೆಂಗಳೂರಿನ ಮಾಲ್ ಬಗ್ಗೆ ನಿಮ್ಮ ಮಾತು ಒಪ್ತೀನಿ. ಆದ್ರೆ ಹಬ್ಬದ ಮೇಲೆ ಯಾಕೆ ಕೋಪ? ನಾನಿರೋ ದೇಶದಲ್ಲೇ ಇದು ಹುಟ್ಟಿದ್ದು ಕಣಣ್ಣ. ಸುಗ್ಗಿ ಮುಗಿದು ಚಳಿಗಾಲ ಕಾಲಿಡೋ ರಾತ್ರಿ, ಸತ್ತವರು ಮನೆ ಕಡೆ ಬರ್ತಾರೆ ಅನ್ನೋ ನಂಬಿಕೆ. ಹಳಬರು ಟರ್ನಿಪ್ ಗೆಡ್ಡೆ ಕೊರೆದು ಅದರೊಳಗೆ ದೀಪ ಇಡೋರು. ಅಮೆರಿಕಕ್ಕೆ ಹೋದ ಐರಿಷ್ ಜನಕ್ಕೆ ಅಲ್ಲಿ ಕುಂಬಳಕಾಯಿ ಸುಲಭವಾಗಿ ಸಿಕ್ತು, ಕೊರೆಯೋಕೂ ಮೆತ್ತಗೆ. ಮೇಯೋ ಕೌಂಟಿಯ ಹಳ್ಳಿ ಬದುಕಿನ ಮ್ಯೂಸಿಯಂನಲ್ಲಿ ಹಳೇ ಟರ್ನಿಪ್ ದೀಪದ ಅಚ್ಚು ಇಟ್ಟವ್ರೆ. ಸುಕ್ಕುಗಟ್ಟಿದ ಮುಖ, ಹಲ್ಲು ಕಿರಿದಿರೋದು ನೋಡಿದ್ರೆ ದೊಡ್ಡವರಿಗೂ ಎದೆ ಝಲ್ ಅನ್ನುತ್ತೆ. ಅಂಗಡಿಯ ಯಾವ ಪ್ಲಾಸ್ಟಿಕ್ ಬುರುಡೆಗೂ ಆ ಭಯ ಬರಲ್ಲ.

ಆಗ ಮಕ್ಕಳು ಅಪ್ಪನ ಕೋಟು ತಿರುವಿ ಹಾಕ್ಕೊಂಡು, ಮುಖಕ್ಕೆ ಮಸಿ ಬಳ್ಕೊಂಡು ಮನೆಮನೆಗೆ ಹೋಗೋರು. ಅವರಿಗೆ ಸಿಕ್ತಿದ್ದದ್ದು ಸೇಬು, ಕಾಯಿಬೀಜ. ಇವತ್ತಿಗೂ ಇಲ್ಲಿ ಬಾರ್ಮ್‌ಬ್ರ್ಯಾಕ್ ಅನ್ನೋ ಒಣದ್ರಾಕ್ಷಿ ಬ್ರೆಡ್ಡಿನೊಳಗೆ ಉಂಗುರ ಹುದುಗಿಸಿ ಇಡ್ತಾರೆ, ಯಾರ ತುಂಡಿಗೆ ಬರುತ್ತೋ ಅವರಿಗೆ ಮದುವೆ ಅಂತ. ಹಬ್ಬದಲ್ಲಿ ಪ್ಲಾಸ್ಟಿಕ್ ಇರಲೇ ಇಲ್ಲ, ಆಮೇಲೆ ಬಂದು ಸೇರಿದ್ದು. ಬಂದದ್ದನ್ನ ಹೊರಗೆ ಕಳಿಸಬಹುದು.

ತುಂಗಾತೀರ, ನ್ಯೂಜೆರ್ಸಿ
ಗೌಡ್ರೇ, ಇದನ್ನ ಓದಿ ನನಗೆ ನಮ್ಮೂರಿನ ಅಂಟಿಗೆ ಪಂಟಿಗೆ ನೆನಪಾಯ್ತು. ದೀಪಾವಳಿ ರಾತ್ರಿ ಗಂಡಸರ ಗುಂಪು ದೀಪ ಹಿಡಿದು, ಅದು ಆರದ ಹಾಗೆ ಕಾಪಾಡ್ಕೊಂಡು, ತೋಟ ಗದ್ದೆ ದಾಟಿ ಮನೆಮನೆಗೆ ಹಾಡ್ತಾ ಬರೋರು. ಕತ್ತಲಲ್ಲಿ ದೂರದಿಂದ ಹಾಡು ಕೇಳಿದ್ರೆ ನಾವು ಮಕ್ಕಳು ಭಯಕ್ಕೆ ಅಜ್ಜಿ ಸೆರಗು ಹಿಡಿದ್ರೂ ಬಾಗಿಲು ಬಿಟ್ಟು ಕದಲ್ತಿರಲಿಲ್ಲ. ಅಕ್ಕಿ, ಕಾಯಿ, ಹೋಳಿಗೆ, ದುಡ್ಡು ಕೊಟ್ಟು ಕಳಿಸೋರು. ಮಕ್ಕಳಿಗೆ ಇದನ್ನ ಹೇಳಿದ್ರೆ ‘ನಿಮ್ಮಲ್ಲೂ ಟ್ರಿಕ್ ಆರ್ ಟ್ರೀಟ್ ಇತ್ತಾ?’ ಅಂತಾರೆ.

ಅರಳೀಕಟ್ಟೆ, ಮೈಸೂರು
ಅಂಟಿಗೆ ಪಂಟಿಗೆಯನ್ನ ಇದಕ್ಕೆ ಹೋಲಿಸೋದು ನನಗೆ ಸರಿ ಕಾಣಲ್ಲ, ಅದು ಬಲೀಂದ್ರನ ಪೂಜೆ. ಆದ್ರೆ ಮಕ್ಕಳಿಗೆ ಆ ಕತೆ ಹೇಳ್ತಿದ್ದೀರಲ್ಲ, ಸಂತೋಷ. ಹೇಳಿ.

ಪುಟ್ಟನಮ್ಮ, ಡಲ್ಲಾಸ್
ಮೊದಲ ಪೋಸ್ಟಿನ ಎರಡನೇ ಪ್ರಶ್ನೆಗೆ ಬರ್ತೀನಿ. ಬಾಗಿಲಲ್ಲಿ ಏನು ಕೊಡೋದು ಅಂತ ಯೋಚಿಸುವಾಗ ನನ್ನ ಮಗನಂಥ ಮಕ್ಕಳನ್ನ ನೆನಪಿಟ್ಟುಕೊಳ್ಳಿ. ಅವನಿಗೆ ಕಡಲೆಕಾಯಿ ಅಲರ್ಜಿ. ಚೀಲ ತುಂಬಿ ಮನೆಗೆ ಬಂದ್ರೆ ಮುಕ್ಕಾಲು ಭಾಗ ನಾನೇ ತೆಗೆದಿಡಬೇಕು, ಅವನು ಸುಮ್ಮನೆ ನೋಡ್ತಾ ನಿಂತಿರ್ತಾನೆ. 2014ರಿಂದ ಫೇರ್ ಅನ್ನೋ ಆಹಾರ ಅಲರ್ಜಿ ಸಂಸ್ಥೆ ‘ಟೀಲ್ ಪಂಪ್ಕಿನ್’ ಅನ್ನೋ ಯೋಜನೆ ನಡೆಸ್ತಿದೆ. ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಬಾಗಿಲಲ್ಲಿಟ್ಟರೆ ಈ ಮನೇಲಿ ತಿನ್ನೋದಲ್ಲದ್ದೂ ಸಿಗುತ್ತೆ ಅಂತ ಅರ್ಥ. ಆ ಬಣ್ಣ ಕಂಡ್ರೆ ನನ್ನ ಮಗ ಓಡ್ತಾನೆ.

ಮಳೆಬಿಲ್ಲು, ರೆಡಿಂಗ್
ಉದ್ದೇಶ ಬಹಳ ಒಳ್ಳೇದು. ಆದ್ರೆ ತಿನ್ನೋದಲ್ಲದ್ದು ಅಂತ ಹೆಚ್ಚಿನವರು ಕೊಡೋದೇ ಪ್ಲಾಸ್ಟಿಕ್ ಜೇಡ, ಉಂಗುರ, ಹೊಳೆಯೋ ಕಡ್ಡಿ. ಕ್ಯಾಂಡಿ ಕವರಿಗಿಂತ ಅದೇ ಹೆಚ್ಚು ಪ್ಲಾಸ್ಟಿಕ್ ಅಲ್ವಾ? ಹೊಳೆಯೋ ಕಡ್ಡಿಯೊಳಗೆ ಗಾಜಿನ ಕೊಳವೆ, ರಾಸಾಯನಿಕ ಬೇರೆ. ರಾತ್ರಿ ಕಳೆದ್ರೆ ನೇರ ಕಸಕ್ಕೆ.

ಪುಟ್ಟನಮ್ಮ, ಡಲ್ಲಾಸ್
ಅದು ಕೊಡೋರ ಆಯ್ಕೆ, ಯೋಜನೆಯ ತಪ್ಪಲ್ಲ. ಮರದ ಪೆನ್ಸಿಲ್ ಇದೆ. ಕಾಗದದ ಸ್ಟಿಕ್ಕರ್, ರಟ್ಟಿನ ಬುಕ್‌ಮಾರ್ಕ್, ದಾರದಲ್ಲಿ ಹೆಣೆದ ಕೈಪಟ್ಟಿ, ನುಣುಪು ಕಲ್ಲು. 25 ಸೆಂಟ್ ನಾಣ್ಯ ಕೊಟ್ರೆ ಮಕ್ಕಳು ಕುಣೀತಾರೆ, ಅದನ್ನ ಯಾರೂ ಕಸಕ್ಕೆ ಹಾಕಲ್ಲ. ಪ್ಲಾಸ್ಟಿಕ್ ವಿಷಯ ಮಾತಾಡುವಾಗ ಅಲರ್ಜಿ ಇರೋ ಮಕ್ಕಳು ಬೀದಿಯ ಬದಿಗೆ ಸರಿಯೋ ಹಾಗೆ ಆಗಬಾರದು, ನನ್ನ ಕಳಕಳಿ ಅಷ್ಟೇ.

ಮಳೆಬಿಲ್ಲು, ರೆಡಿಂಗ್
ಒಪ್ಪಿದೆ. ನಾಣ್ಯ ಮತ್ತು ಪೆನ್ಸಿಲ್, ಎರಡೂ ಒಳ್ಳೇ ಉಪಾಯ.

ರೊಟ್ಟಿಬುತ್ತಿ, ನೇಪರ್‌ವಿಲ್
ಕ್ಯಾಂಡಿನೇ ಕೊಡಾವ್ರಿಗೆ ಹೇಳ್ತೀನಿ, ರಟ್ಟಿನ ಸಣ್ಣ ಡಬ್ಬಿಯೊಳಗ ಬರೋವು ಅದಾವ. ನರ್ಡ್ಸ್, ಡಾಟ್ಸ್, ಮಿಲ್ಕ್ ಡಡ್ಸ್, ಜೂನಿಯರ್ ಮಿಂಟ್ಸ್. ಒಣದ್ರಾಕ್ಷಿ ಡಬ್ಬಿನೂ ಹಂಗ. ಎಲ್ಲಾ ಹಾಕಿ ತಂದ ದೊಡ್ಡ ಚೀಲ ಪ್ಲಾಸ್ಟಿಕ್ ಇರ್ತದ, ಆದ್ರ ಒಂದು ಚೀಲ ಮತ್ತ ನೂರು ಕವರಿಗೆ ಫರಕ್ ಅದ. ಹರ್ಷೀಸ್ ಕಿಸಸ್ ಚಾಕಲೇಟಿನ ಹಾಳಿ ಅಲ್ಯೂಮಿನಿಯಂ. ಒಂದೊಂದೇ ಹಾಕಬ್ಯಾಡ್ರಿ, ಎಲ್ಲಾ ಕೂಡಿಸಿ ಮುಷ್ಟಿಯಷ್ಟು ಉಂಡಿ ಮಾಡಿದ್ರ ಕೆಲವು ಊರಾಗ ತಗೋತಾರ.

ಮಳೆಬಿಲ್ಲು, ರೆಡಿಂಗ್
ಬ್ರಿಟನ್ನಿನವರಿಗೆ: ಕ್ವಾಲಿಟಿ ಸ್ಟ್ರೀಟ್ ಚಾಕಲೇಟು 2022ರಿಂದ ಕಾಗದದ ಸುತ್ತಿಗೆ ಬದಲಾಯ್ತು, ನೆಸ್ಲೆಯ ಸ್ಮಾರ್ಟೀಸ್ 2021ರಲ್ಲೇ ಕಾಗದಕ್ಕೆ ಬಂತು. ಅಮೆರಿಕದ ಸ್ಮಾರ್ಟೀಸ್ ಬೇರೆ, ಅದು ಇನ್ನೊಂದು ಕಂಪನಿಯದು, ಗೊಂದಲ ಬೇಡ.

ತುಂಗಾತೀರ, ನ್ಯೂಜೆರ್ಸಿ
ಎಲ್ಲಾ ಬರ್ಕೊಳ್ತಿದ್ದೀನಿ. ಚೀಲಕ್ಕೆ ಏನು ಮಾಡ್ತೀರ? ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುಟ್ಟಿ ಬೇಡ ಅಂತ ತೀರ್ಮಾನ ಆಗಿದೆ.

ಪುಟ್ಟನಮ್ಮ, ಡಲ್ಲಾಸ್
ದಿಂಬಿನ ಕವರ್. ಇಲ್ಲಿ ದೊಡ್ಡ ಹುಡುಗರೆಲ್ಲ ಅದನ್ನೇ ಹಿಡಿಯೋದು.

ರೊಟ್ಟಿಬುತ್ತಿ, ನೇಪರ್‌ವಿಲ್
ಊರಿಂದ ಬರುವಾಗ ಸೂಟ್‌ಕೇಸಿನ್ಯಾಗ ತುಂಬಿಕೊಂಡು ಬಂದ ಮದುವಿ ತಾಂಬೂಲದ ಚೀಲ ಎಷ್ಟು ಬಿದ್ದಾವ ನಿಮ್ಮ ಮನ್ಯಾಗ? ಅರಿವಿ ಚೀಲ, ಗಟ್ಟಿ ಹಿಡಿ, ಮಕ್ಕಳ ಕೈಗೆ ಸರಿ ಅಳತಿ. ವಧು ವರರ ಹೆಸರಿರೋ ಮಗ್ಗಲಾ ಒಳಗ ಮಾಡಿ ತಿರುವಿದ್ರ ಮುಗೀತು, ಮ್ಯಾಲೆ ಮಕ್ಕಳೇ ಬಾವಲಿ, ಗೂಬಿ ಬರಕೋತಾರ.

ತುಂಗಾತೀರ, ನ್ಯೂಜೆರ್ಸಿ
ಅಯ್ಯೋ ಹೌದಲ್ಲ! ಬೀರು ತುಂಬ ಇವೆ.

ಕಡಲಮಗ, ಫ್ರೀಮಾಂಟ್
ಅಲಂಕಾರದ ವಿಷಯ ಯಾರೂ ಎತ್ತಲಿಲ್ಲ. ಗಿಡಗಳ ಮೇಲೆ ಎಳೆಯುವ ಬಿಳಿ ಜೇಡರಬಲೆ ದಯವಿಟ್ಟು ಹೊರಗೆ ಹಾಕಬೇಡಿ. ಪಾಲಿಯೆಸ್ಟರ್ ಎಳೆ ಅದು. ಹಕ್ಕಿಗಳ ಕಾಲು, ರೆಕ್ಕೆ ಸಿಕ್ಕಿಕೊಳ್ತದೆ, ಬಿಡಿಸಿಕೊಳ್ಳಲಿಕ್ಕೆ ಒದ್ದಾಡಿದಷ್ಟೂ ಬಿಗಿ. ಜೇನುಹುಳ ಕೂಡ ಸಿಕ್ಕಿ ಸಾಯ್ತದೆ. ಬೇಕಿದ್ರೆ ಕಿಟಕಿಯ ಒಳಬದಿ ದಪ್ಪ ನೂಲಿನಲ್ಲಿ ಬಲೆ ಹೆಣೆಯಿರಿ, ಮಕ್ಕಳಿಗೆ ಅದೇ ಒಂದು ಮಧ್ಯಾಹ್ನದ ಕೆಲಸ.

ಡಬ್ಲಿನ್‌ಗೌಡ, ಡಬ್ಲಿನ್
ಮುಖಕ್ಕೆ ಹಚ್ಚೋ ಮಿನುಗಿನ ಪುಡಿನೂ ಅಷ್ಟೇ ಕೆಟ್ಟದ್ದು, ತೊಳೆದ ತಕ್ಷಣ ಮೋರಿ ಸೇರುತ್ತೆ. ಕರಕುಶಲ ಕೆಲಸಕ್ಕೆ ಬಳಸೋ ಬಿಡಿ ಪ್ಲಾಸ್ಟಿಕ್ ಮಿನುಗು ಮಾರೋದನ್ನ ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಿಂದ ನಿಲ್ಲಿಸಿದೆ, ಮುಖಕ್ಕೆ ಹಚ್ಚೋದಕ್ಕೆ ಮಾತ್ರ ಇನ್ನೂ ಕಾಲಾವಕಾಶ ಕೊಟ್ಟಿದೆ.

ಹಸಿರುಡಬ್ಬ, ಸರ್ಜಾಪುರ ರಸ್ತೆ
ಇಲ್ಲಿನ ಕತೆನೂ ಕೇಳಿ. ನಮ್ಮ ಕ್ಲಬ್‌ಹೌಸ್ ಪಾರ್ಟಿಗೆ ಪ್ರತಿಸಲ ಥರ್ಮೊಕೋಲ್ ಸಮಾಧಿ ಕಲ್ಲು, ಕಡ್ಡಿಗೆ ಕಟ್ಟಿದ ಬಲೂನು, ರಿಟರ್ನ್ ಗಿಫ್ಟ್ ಅಂತ ಒಂದು ಚೀಲ ಪ್ಲಾಸ್ಟಿಕ್. ಅಲಂಕಾರಕ್ಕೆ ಬಳಸೋ ಥರ್ಮೊಕೋಲ್ ಮತ್ತು ಬಲೂನಿನ ಪ್ಲಾಸ್ಟಿಕ್ ಕಡ್ಡಿ ಎರಡೂ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧ. ನಾನು ಕಮಿಟಿಗೆ ನಿಯಮದ ಪ್ರತಿ ಕಳಿಸಿದೆ. ‘ಮಕ್ಕಳ ಕಾರ್ಯಕ್ರಮ, ಅದಕ್ಕೆಲ್ಲ ಅಡ್ಡಿ ಮಾಡಬೇಡಿ’ ಅಂದ್ರು. ಮಕ್ಕಳ ಹೆಸರು ಹೇಳಿಯೇ ಮಕ್ಕಳಿಗೆ ಈ ಕಸ ಬಿಟ್ಟು ಹೋಗ್ತಿದ್ದೀವಿ. ಈ ಸಲ ರಟ್ಟಿನ ಸಮಾಧಿ ಕಲ್ಲು ಮಾಡೋಕೆ ಮಕ್ಕಳನ್ನೇ ಕರೆದು ಕೂರಿಸ್ತೀನಿ, ಅವರು ಮಾಡಿದ್ದನ್ನ ಕಮಿಟಿ ತೆಗೆಯಲ್ಲ.

ಅರಳೀಕಟ್ಟೆ, ಮೈಸೂರು
ಇದು ಸರಿಯಾದ ಕೆಲಸ. ಬಿಡಬೇಡಿ.

ರೊಟ್ಟಿಬುತ್ತಿ, ನೇಪರ್‌ವಿಲ್
ಕುಂಬಳಕಾಯಿ ಪ್ಲಾಸ್ಟಿಕ್ ಅಲ್ಲ ಖರೆ, ಆದ್ರ ಕಸದ ಗುಡ್ಡಕ್ಕ ಹೋದ್ರ ಗಾಳಿ ಇಲ್ಲದ ಕೊಳತು ಮೀಥೇನ್ ಆಗ್ತದ. ಇಲ್ಲೆ ಇಲಿನಾಯ್ಸ್‌ನ್ಯಾಗ ಸ್ಕಾರ್ಸ್ ಅನ್ನೋ ಸಂಸ್ಥಾದವರು 2014ರಿಂದ ಹ್ಯಾಲೋವೀನ್ ಆದ ಮ್ಯಾಲಿನ ಶನಿವಾರ ಎಲ್ಲಾರ ಕುಂಬಳಕಾಯಿ ಕೂಡಿಸಿ ಗೊಬ್ಬರಕ್ಕ ಕಳಿಸ್ತಾರ. ಕೆಲವು ಕಡೆ ಮಕ್ಕಳಿಗೆ ಒಡಿಲಿಕ್ಕೂ ಬಿಡ್ತಾರ. ಮೇಣ, ಬಣ್ಣ, ಸ್ಟಿಕ್ಕರ್ ಇರಬಾರದು.

ಮತ್ತ ಕೊರೆಯೋ ಮುಂಚೆ ಒಳಗಿನ ತಿರುಳು ತೆಗೆದಿಟ್ಟು ನಮ್ಮ ಕಡೆ ಕುಂಬಳಕಾಯಿ ಗಾರಿಗೆ ಮಾಡ್ರಿ. ತುರಿದು, ಬೆಲ್ಲ ಹಾಕಿ ನೀರು ಆರೋ ತನಕ ಕುದಿಸಿ, ಗೋಧಿ ಹಿಟ್ಟು, ಚೂರು ರವಾ, ಏಲಕ್ಕಿ, ಗಸಗಸಿ ಹಾಕಿ ನಾದಿ, ಕೈಯಿಂದ ತಟ್ಟಿ ಕರೀರಿ.

ಪುಟ್ಟನಮ್ಮ, ಡಲ್ಲಾಸ್
ಕೊರೆಯೋಕೆ ಮಾರೋ ದೊಡ್ಡ ಕುಂಬಳಕಾಯಿಗೆ ರುಚಿ ಇರಲ್ಲ ರೀ, ಬರೀ ನಾರು, ನೀರು.

ರೊಟ್ಟಿಬುತ್ತಿ, ನೇಪರ್‌ವಿಲ್
ಅದೂ ಖರೆ. ಅದರ ಜಾತಿನೇ ಬ್ಯಾರೆ. ನಮ್ಮ ಊರಿನ ಸಿಹಿಗುಂಬಳ ಬಟರ್‌ನಟ್ ಕುಲದ್ದು, ಇಲ್ಲೆ ಡಬ್ಬಿಯೊಳಗ ಬರೋದೂ ಅದೇ ಕುಲದ ಕಾಯಿ. ಗಾರಿಗೆಗೆ ಬಟರ್‌ನಟ್ ತರ್ರಿ, ಬಣ್ಣ ಭಾಳ ಚಂದ ಬರ್ತದ. ಕೊರೆಯೋದರ ಬೀಜ ಮಾತ್ರ ತೊಳದು, ಉಪ್ಪು ಖಾರ ಹಚ್ಚಿ ಹುರೀರಿ.

ಮಳೆಬಿಲ್ಲು, ರೆಡಿಂಗ್
ಒಂದು ಎಚ್ಚರಿಕೆ, ದೀಪ ಇಟ್ಟು ಹೊರಗೆ ಕೂರಿಸಿದ ಮೇಲೆ ಅದನ್ನ ಅಡುಗೆಗೆ ಬಳಸಬೇಡಿ, ಬೂಷ್ಟು ಹಿಡಿದಿರುತ್ತೆ. ಪ್ರಾಣಿಗಳು ತಿನ್ನಲಿ ಅಂತ ಕಾಡಿಗೂ ಎಸೆಯಬೇಡಿ. ಮುಳ್ಳುಹಂದಿಯ ಹಾಗೆ ಕಾಣೋ ಹೆಡ್ಜ್‌ಹಾಗ್‌ಗಳಿಗೆ ಅದರಿಂದ ಹೊಟ್ಟೆ ಕೆಡುತ್ತೆ ಅಂತ ಇಲ್ಲಿನ ವುಡ್‌ಲ್ಯಾಂಡ್ ಟ್ರಸ್ಟ್ ಪ್ರತಿವರ್ಷ ಬೇಡಿಕೊಳ್ಳುತ್ತೆ. ನಮ್ಮಲ್ಲಿ ಅಡುಗೆ ಕಸದ ಡಬ್ಬಕ್ಕೆ ತುಂಡು ಮಾಡಿ ಹಾಕಿದ್ರೆ ಆಯ್ತು.

ಕಡಲಮಗ, ಫ್ರೀಮಾಂಟ್
ಕ್ಯಾಲಿಫೋರ್ನಿಯಾದವರಿಗೆ ಹಸಿರು ಡಬ್ಬ ಉಂಟು, 2022ರಿಂದ ಹಸಿಕಸ ಬೇರೆ ಮಾಡುದು ರಾಜ್ಯದ ಕಾನೂನು. ಈ ಹವೆಗೆ ಬೇಗ ಕೊಳೀತದೆ, ಕೊರೆಯುವುದನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಿ.

ತುಂಗಾತೀರ, ನ್ಯೂಜೆರ್ಸಿ
ಮಗಳ ಹತ್ತಿರ ಮಾತಾಡಿದೆ. ಬಾವಲಿ ಬಿಡಲ್ಲ, ಆದ್ರೆ ಕೊಡೆ ರೆಕ್ಕೆಗೆ ಒಪ್ಪಿದ್ದಾಳೆ, ಕತ್ತರಿ ತಾನೇ ಹಿಡೀಬೇಕಂತೆ. ಇನ್ನೊಂದು ಯೋಚನೆ ಬಂತು. ನಮ್ಮ ಕನ್ನಡ ಕೂಟದ ದಸರಾ ಗೊಂಬೆ ಕಾರ್ಯಕ್ರಮಕ್ಕೆ ಹೇಗೂ ಎಲ್ಲರೂ ಸೇರ್ತೀವಿ. ಅಲ್ಲಿ ಒಂದು ಮೇಜು ಹಾಕಿ, ಮಕ್ಕಳಿಗೆ ಸಣ್ಣದಾದ ಹಳೇ ವೇಷ ತಂದಿಡೋದು, ಬೇಕಾದವರು ತಗೊಂಡು ಹೋಗೋದು. ನ್ಯೂಜೆರ್ಸಿ ಕಡೆಯವರು ಯಾರಾದ್ರೂ ಜೊತೆ ಸೇರ್ತೀರ?

ಹೊಳೆಸಾಲು, ಪ್ರಿನ್ಸ್‌ಟನ್
ಇಷ್ಟು ಹೊತ್ತು ಓದ್ತಾ ಇದ್ದೆ, ಈಗ ಬರೀತಿದ್ದೀನಿ. ನನ್ನ ಹತ್ತಿರ ಒಂದು ಡೈನೋಸಾರ್, ಒಂದು ಅಗ್ನಿಶಾಮಕ ಕೋಟು, ಎರಡು ಮಾಟಗಾತಿ ಟೋಪಿ ಇವೆ. ಮೇಜು ನಾನು ತರ್ತೀನಿ. ಕೂಟದವರ ಅನುಮತಿ ನೀವು ಕೇಳಿ. ಸೈಜಿನ ಚೀಟಿ ಮೊದಲೇ ಹಚ್ಚಿಟ್ಟರೆ ಅಲ್ಲಿ ನೂಕುನುಗ್ಗಲು ಇರಲ್ಲ.

ತುಂಗಾತೀರ, ನ್ಯೂಜೆರ್ಸಿ
ಡೈನೋಸಾರ್ ಯಾವ ಸೈಜು? ಮಗನಿಗೆ 4 ವರ್ಷದ್ದು ಬೇಕು.

ಹೊಳೆಸಾಲು, ಪ್ರಿನ್ಸ್‌ಟನ್
4ರಿಂದ 5. ಬಾಲದ ಹೊಲಿಗೆ ಸ್ವಲ್ಪ ಬಿಟ್ಟಿದೆ, ಹಾಕಿ ಕೊಡ್ತೀನಿ.